5 ವೋಲ್ಟಿನ ಬೋರ್ಡು, 3.3 ವೋಲ್ಟಿನ ಬೋರ್ಡು: ನಡುವೆ ಸಿಗ್ನಲ್ ಎಲ್ಲಿ ತಪ್ಪುತ್ತದೆ?

ಟ್ಯಾಂಕ್ ತುಂಬಿ ಹರಿಯುತ್ತಿದೆ, ಮೊಬೈಲಿನಲ್ಲಿ ಮಾತ್ರ ಖಾಲಿ ಎಂದೇ ತೋರಿಸುತ್ತಿದೆ. ಪಂಪ್ ನಿಲ್ಲಿಸು ಎಂದು ಒತ್ತಿದರೂ ಪಂಪಿನ ಸ್ವಿಚ್ಚಾಗಿ ಕೆಲಸ ಮಾಡುವ ರಿಲೇ ಬಿಡುವುದಿಲ್ಲ. ಮನೆಯಲ್ಲಿ ಮೇಜಿನ ಮೇಲೆ ಚೆನ್ನಾಗಿ ನಡೆದ ಜೋಡಣೆ ತೋಟಕ್ಕೆ ಒಯ್ದ ಮೇಲೆ ಮನಸ್ಸಿಗೆ ಬಂದ ಹಾಗೆ ಆಡುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟಕ್ಕೆ ತಾವೇ ಬೋರ್ಡು ಜೋಡಿಸಿಕೊಳ್ಳುವವರಿಗೂ, ಪ್ರಾಜೆಕ್ಟ್ ಮಾಡುವ ಡಿಪ್ಲೊಮಾ, ಇಂಜಿನಿಯರಿಂಗ್ ಮಕ್ಕಳಿಗೂ ಈ ಅನುಭವ ಹೊಸದಲ್ಲ.

ಮೊದಲು ಇಂಥ ಕೆಲಸಕ್ಕೆಲ್ಲ ಆರ್ಡುಯಿನೊ ಊನೊ ಎಂಬ, ಪ್ರೋಗ್ರಾಮ್ ಹಾಕಬಹುದಾದ ಚಿಕ್ಕ ಬೋರ್ಡು ಇರುತ್ತಿತ್ತು. ಅದು 5 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. ಅದರ ಜೊತೆಗೆ ಕೊಂಡ ಸೆನ್ಸರ್, ರಿಲೇ, ಡಿಸ್‌ಪ್ಲೇ ಎಲ್ಲವೂ 5 ವೋಲ್ಟಿನವು. ವೈಫೈ ಬೇಕು ಎನಿಸಿದಾಗ ಅದು ಇರುವ ಇಎಸ್‌ಪಿ32 ಬೋರ್ಡು ಬಂತು. ಅದರ ಪಿನ್‌ಗಳು 3.3 ವೋಲ್ಟಿನವು. ಹಳೆಯ ಸಾಮಾನುಗಳನ್ನೆಲ್ಲ ಹೊಸ ಬೋರ್ಡಿಗೆ ಹಾಗೇ ಜೋಡಿಸುತ್ತೇವೆ. ತೊಂದರೆ ಬಂದಾಗ ಪ್ರೋಗ್ರಾಮನ್ನು ತಿದ್ದುತ್ತಾ ಕೂರುತ್ತೇವೆ. ಎಷ್ಟೋ ಸಲ ಪ್ರೋಗ್ರಾಮ್ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ಎರಡು ಬೋರ್ಡುಗಳ ನಡುವಿನ ವೋಲ್ಟೇಜಿನಲ್ಲಿ. ಅದನ್ನು ಒಂದು ಸಾಧಾರಣ ಮಲ್ಟಿಮೀಟರ್ ಹಿಡಿದು ಪತ್ತೆ ಮಾಡಬಹುದು. ಆದರೆ ಯಾವ ಅಂಕಿ ಬಂದರೆ ಸರಿ, ಯಾವುದು ತಪ್ಪು ಎಂದು ಗೊತ್ತಿರಬೇಕು.

ಒಂದು, ಸೊನ್ನೆ ಎಂದರೆ ಎಷ್ಟು ವೋಲ್ಟ್?

ಚಿಪ್‌ಗೆ ಗೊತ್ತಿರುವುದು ಎರಡೇ ಸ್ಥಿತಿ. ‘ಹೈ’ ಅಂದರೆ ಒಂದು, ‘ಲೋ’ ಅಂದರೆ ಸೊನ್ನೆ. ಆದರೆ ತಂತಿಯಲ್ಲಿ ಇರುವುದು ವೋಲ್ಟೇಜು. ಅದು 0, 0.8, 1.7, 2.9 ಹೀಗೆ ಎಷ್ಟು ಬೇಕಾದರೂ ಆಗಬಹುದು. ಹಾಗಾಗಿ ಪ್ರತಿ ಚಿಪ್ ತಯಾರಕರು ಎರಡು ಗೆರೆ ಎಳೆದಿರುತ್ತಾರೆ. ಮೇಲಿನ ಗೆರೆ ದಾಟಿದರೆ ಖಂಡಿತ ಹೈ. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಖಂಡಿತ ಲೋ. ನಡುವೆ ಬಿದ್ದರೆ ಚಿಪ್ ಏನೆಂದು ಓದುತ್ತದೆ ಎಂಬುದಕ್ಕೆ ಭರವಸೆ ಇಲ್ಲ.

ಊನೊದಲ್ಲಿರುವ ಎಟಿಮೆಗಾ328ಪಿ ಚಿಪ್‌ನ ಮೇಲಿನ ಗೆರೆ ಅದರ ಸಪ್ಲೈ ವೋಲ್ಟೇಜಿನ 0.6 ಪಾಲು. ಸರಿಯಾಗಿ 5 ವೋಲ್ಟ್ ಇದ್ದರೆ 3.0 ವೋಲ್ಟ್. ಕೆಳಗಿನ ಗೆರೆ 0.3 ಪಾಲು, ಅಂದರೆ 1.5 ವೋಲ್ಟ್. ಇಎಸ್‌ಪಿ32ರಲ್ಲಿ ಮೇಲಿನ ಗೆರೆ 0.75 ಪಾಲು, ಕೆಳಗಿನದು 0.25 ಪಾಲು. 3.3 ವೋಲ್ಟಿಗೆ ಲೆಕ್ಕ ಹಾಕಿದರೆ ಸುಮಾರು 2.5 ಮತ್ತು 0.8 ವೋಲ್ಟ್. ಇದರ ಜೊತೆ ಇನ್ನೊಂದು ಅಂಕಿ ಇದೆ, ಪಿನ್ ತಡೆದುಕೊಳ್ಳುವ ಗರಿಷ್ಠ ವೋಲ್ಟೇಜು. ಇಎಸ್‌ಪಿ32ಕ್ಕೆ ಅದು ಸಪ್ಲೈಗಿಂತ 0.3 ವೋಲ್ಟ್ ಜಾಸ್ತಿ, ಅಂದರೆ 3.6.

ಈ ಮೂರು ಅಂಕಿಗಳು ಪ್ರತಿ ಚಿಪ್‌ನ ಡೇಟಾಶೀಟಿನಲ್ಲಿ, ಅಂದರೆ ತಯಾರಕರು ಕೊಡುವ ವಿವರಪತ್ರದಲ್ಲಿ, ಇರುತ್ತವೆ. ಎರಡು ಬೋರ್ಡು ಜೋಡಿಸುವ ಮೊದಲು ಕಳಿಸುವವನು ಎಷ್ಟು ಕಳಿಸುತ್ತಾನೆ, ಪಡೆಯುವವನಿಗೆ ಎಷ್ಟು ಬೇಕು, ಎಷ್ಟು ತಡೆಯುತ್ತಾನೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಮನೆಯಲ್ಲಿ ಸರಿ, ತೋಟದಲ್ಲಿ ತಪ್ಪು. ಯಾಕೆ?

ಇಎಸ್‌ಪಿ32 ಕಳಿಸುವ 3.3 ವೋಲ್ಟನ್ನು ಊನೊ ಓದುತ್ತದೆಯೇ? ಊನೊಗೆ ಬೇಕಿರುವುದು 3.0. ಸಿಗುತ್ತಿರುವುದು 3.3. ಓದಬೇಕು, ಓದುತ್ತದೆ ಕೂಡ. ಆದರೆ ಅಂತರ ಎಷ್ಟಿದೆ ನೋಡಿ, ಬರೀ 0.3 ವೋಲ್ಟ್.

ಊನೊವನ್ನು ಲ್ಯಾಪ್‌ಟಾಪಿನ ಯುಎಸ್‌ಬಿಗೆ ಚುಚ್ಚಿದಾಗ ಬೋರ್ಡಿಗೆ 4.8 ವೋಲ್ಟ್ ಸಿಗುತ್ತಿದೆ ಎಂದುಕೊಳ್ಳಿ. ಆಗ ಮೇಲಿನ ಗೆರೆ 2.88ಕ್ಕೆ ಇಳಿಯುತ್ತದೆ. ಕೆಲಸ ಸಲೀಸು. ಅದೇ ಬೋರ್ಡನ್ನು ಪಂಪ್‌ಹೌಸಿಗೆ ಒಯ್ದು 5.2 ವೋಲ್ಟ್ ಕೊಡುವ ಅಡಾಪ್ಟರಿಗೆ ಜೋಡಿಸಿದರೆ ಗೆರೆ 3.12ಕ್ಕೆ ಏರುತ್ತದೆ. ಅತ್ತ ವೈಫೈ ಚಾಲೂ ಆದಾಗ ಇಎಸ್‌ಪಿ32ರ ಸಪ್ಲೈ ಕ್ಷಣಕಾಲ ಕುಸಿದು 3.1 ಆಯಿತು ಎನ್ನಿ. ಈಗ ಕಳಿಸಿದ್ದು ಬೇಕಾದಷ್ಟಿಲ್ಲ. ನಿಜದಲ್ಲಿ ಚಿಪ್ ಈ ಗೆರೆಗಿಂತ ಕೆಳಗಿನ ವೋಲ್ಟೇಜನ್ನೂ ಸಾಮಾನ್ಯವಾಗಿ ಹೈ ಎಂದೇ ಓದುತ್ತದೆ. ಹಾಗಾಗಿಯೇ ನೂರು ಸಲ ಸರಿ ನಡೆದು ನೂರೊಂದನೇ ಸಲ ತಪ್ಪುತ್ತದೆ. ಇಂಥ ತಪ್ಪನ್ನು ಹುಡುಕುವುದೇ ಎಲ್ಲಕ್ಕಿಂತ ಕಷ್ಟ.

ಗ್ರೌಂಡ್ ತಂತಿಯೂ, ಅಂದರೆ ವೋಲ್ಟೇಜು ಅಳೆಯಲು ಸೊನ್ನೆ ಎಂದು ಹಿಡಿಯುವ ತಂತಿಯೂ, ಇದೇ ಅಂತರವನ್ನು ತಿನ್ನುತ್ತದೆ. ಮೆಸೇಜ್ ಕಳಿಸಿ ಪಂಪ್ ನಡೆಸಲು ಬಳಸುವ ಸಿಮ್800ಎಲ್ ಮಾಡ್ಯೂಲ್ ಟವರಿಗೆ ಮಾತಾಡುವಾಗ ಕ್ಷಣಕಾಲ 2 ಆಂಪಿಯರ್ ತನಕ ಎಳೆಯುತ್ತದೆ. ಅದರ ಗ್ರೌಂಡಿಗೆ ತೆಳ್ಳಗಿನ ಜಂಪರ್ ತಂತಿ ಹಾಕಿ, ತಂತಿ ಮತ್ತು ಅದರ ಜೋಡಣೆಯಲ್ಲಿ 0.1 ಓಮ್ ತಡೆ ಇದ್ದರೆ, ಆ ಕ್ಷಣಕ್ಕೆ ಎರಡು ಬೋರ್ಡುಗಳ ಗ್ರೌಂಡ್ ನಡುವೆ 0.2 ವೋಲ್ಟ್ ವ್ಯತ್ಯಾಸ ಬರುತ್ತದೆ. ಸಾಲದ್ದಕ್ಕೆ ಆ ಮಾಡ್ಯೂಲಿನ ಸಿಗ್ನಲ್ 2.8 ವೋಲ್ಟಿನದು. ಊನೊ ಕೇಳುವ 3.0 ಅದರಲ್ಲಿ ಮೊದಲೇ ಇಲ್ಲ. ಸಿಮ್800ಎಲ್ ಜೊತೆ ಊನೊ ನೇರ ಜೋಡಿಸಿ ನಡೆಸುತ್ತಿರುವವರು ಚಿಪ್‌ನ ಒಳ್ಳೆಯತನದ ಮೇಲೆ ನಡೆಸುತ್ತಿದ್ದಾರೆ ಅಷ್ಟೆ.

ಜಾಸ್ತಿ ವೋಲ್ಟೇಜನ್ನು ಇಳಿಸುವುದು

ಇದು ಸುಲಭದ ದಿಕ್ಕು. ಟ್ಯಾಂಕಿನ ನೀರು ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರನ್ನೇ ತೆಗೆದುಕೊಳ್ಳೋಣ. ಅದು ಶಬ್ದದ ಅಲೆ ಬಿಟ್ಟು, ಅದು ನೀರಿಗೆ ಬಡಿದು ಮರಳಲು ಎಷ್ಟು ಹೊತ್ತಾಯಿತು ಎಂಬುದನ್ನು ‘ಎಕೋ’ ಪಿನ್ ಮೂಲಕ ತಿಳಿಸುತ್ತದೆ. ಆ ಪಿನ್ನಿನಿಂದ ಬರುವುದು 5 ವೋಲ್ಟ್. ಇಎಸ್‌ಪಿ32 ತಡೆಯುವುದು 3.6.

ನೇರ ಜೋಡಿಸಿದರೆ ತಕ್ಷಣ ಸುಡುತ್ತದೆ ಎಂದೇನಿಲ್ಲ. ಹೆಚ್ಚಿನ ಚಿಪ್‌ಗಳಲ್ಲಿ ಪಿನ್ನಿನ ಒಳಗೆ ರಕ್ಷಣೆಯ ವ್ಯವಸ್ಥೆ ಇರುತ್ತದೆ. ಹೆಚ್ಚಾದ ವೋಲ್ಟೇಜನ್ನು ಅದು ಬೇರೆ ಕಡೆಗೆ ಹರಿಸುತ್ತದೆ. ಆದರೆ ಅದು ಇರುವುದು ಕೈ ಮುಟ್ಟಿದಾಗ ಹಾರುವ ಕಿಡಿಯಂಥ ಕ್ಷಣಿಕ ಹೊಡೆತಕ್ಕೆ. ದಿನವಿಡೀ ಕರೆಂಟ್ ಹೊರುವುದಕ್ಕಲ್ಲ. ತಿಂಗಳುಗಟ್ಟಲೆ ನಡೆದು ಒಂದು ದಿನ ಆ ಪಿನ್ ಮಾತ್ರ ಸತ್ತುಹೋಗುವುದು ಹೀಗೆ.

ಪರಿಹಾರಕ್ಕೆ ಎರಡು ರೆಸಿಸ್ಟರ್ ಸಾಕು. ಎಕೋ ಪಿನ್ನಿನಿಂದ ಇಎಸ್‌ಪಿ32ರ ಪಿನ್ನಿಗೆ 1 ಕಿಲೋ ಓಮ್. ಅದೇ ಇಎಸ್‌ಪಿ32ರ ಪಿನ್ನಿನಿಂದ ಗ್ರೌಂಡಿಗೆ 2 ಕಿಲೋ ಓಮ್. ಒಟ್ಟು ಮೂರು ಪಾಲಿನಲ್ಲಿ ಎರಡು ಪಾಲು ಪಿನ್ನಿಗೆ ಸಿಗುತ್ತದೆ. 5 ವೋಲ್ಟಿನಲ್ಲಿ ಮೂರನೇ ಎರಡು ಪಾಲು ಅಂದರೆ 3.33. ಅಂಗಡಿಯಲ್ಲಿ 2 ಕಿಲೋ ಸಿಗದಿದ್ದರೆ 1 ಕಿಲೋದ ಎರಡನ್ನು ಒಂದರ ಹಿಂದೆ ಒಂದು ಬೆಸೆದರಾಯಿತು. 2.2 ಕಿಲೋ ಹಾಕಿದರೆ 3.44 ಬರುತ್ತದೆ, ಅದೂ ಮಿತಿಯ ಒಳಗೇ ಇದೆ.

ಇಲ್ಲಿ ಆಗುವ ಸಾಮಾನ್ಯ ತಪ್ಪು, ರೆಸಿಸ್ಟರ್ ಅದಲುಬದಲಾಗುವುದು. ಆಗ ಪಿನ್ನಿಗೆ ಸಿಗುವುದು ಮೂರನೇ ಒಂದು ಪಾಲು, 1.67 ವೋಲ್ಟ್. ಇಎಸ್‌ಪಿ32ರ ಎರಡು ಗೆರೆಗಳು 0.8 ಮತ್ತು 2.5 ಅಲ್ವಾ? 1.67 ಎಂಬುದು ಸರಿಯಾಗಿ ಮಧ್ಯದಲ್ಲಿ ಬಿತ್ತು. ಸೆನ್ಸರ್ ಒಮ್ಮೆ ಓದುತ್ತದೆ, ಒಮ್ಮೆ ಇಲ್ಲ. ಮೀಟರಿನಲ್ಲಿ 1.6, 1.7 ಕಂಡರೆ ಮೊದಲು ರೆಸಿಸ್ಟರಿನ ಬಣ್ಣದ ಪಟ್ಟಿ ನೋಡಿ.

ರೆಸಿಸ್ಟರ್ ಬೆಲೆ ತೀರಾ ದೊಡ್ಡದೂ ಆಗಬಾರದು. 100 ಕಿಲೋ, 200 ಕಿಲೋ ಹಾಕಿದರೂ ಅನುಪಾತ ಅದೇ. ಆದರೆ ತಂತಿ ಮತ್ತು ಪಿನ್ನಿಗೆ ಚಿಕ್ಕ ಕೆಪಾಸಿಟರ್ ಗುಣ, ಅಂದರೆ ಸ್ವಲ್ಪ ವಿದ್ಯುತ್ ತುಂಬಿಟ್ಟುಕೊಳ್ಳುವ ಗುಣ ಇದೆ, ಅದು ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ. ನೆಟ್ಟಗೆ ಏರಬೇಕಾದ ಸಿಗ್ನಲ್ ಓರೆಯಾಗಿ ಏರುತ್ತದೆ.

ಒಂದು ಎಚ್ಚರಿಕೆ ಕರಾವಳಿಯವರಿಗೆ. ಬೈತಖೋಲ, ತದಡಿಯಂಥ ಬಂದರಿನ ದೋಣಿಗಳಲ್ಲಿ ಜಿಪಿಎಸ್, ಫಿಶ್‌ಫೈಂಡರ್ ಇರುತ್ತವೆ. ಅವುಗಳಿಂದ ಡೇಟಾ ತಂತಿ ಎಳೆದು ಇಎಸ್‌ಪಿ32ಕ್ಕೆ ಕೊಡುವ ಆಸೆ ಸಹಜ. ಹಳೆಯ ಉಪಕರಣಗಳ ಸೀರಿಯಲ್ ತಂತಿ (ಬಿಟ್‌ಗಳನ್ನು ಒಂದರ ಹಿಂದೆ ಒಂದು ಕಳಿಸುವ ತಂತಿ) ಆರ್‌ಎಸ್232 ಬಗೆಯದಾಗಿದ್ದರೆ ಅದರಲ್ಲಿ ವೋಲ್ಟೇಜು ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಸುಮ್ಮನಿರುವಾಗಲೇ ಮೈನಸ್ 3ರಿಂದ ಮೈನಸ್ 15 ವೋಲ್ಟ್. ಮೀಟರಿನಲ್ಲಿ ಮೈನಸ್ ಕಂಡರೆ ಈ ಎರಡು ರೆಸಿಸ್ಟರಿನ ಉಪಾಯ ನಡೆಯುವುದಿಲ್ಲ. ಅದಕ್ಕೆ ಆ ವೋಲ್ಟೇಜನ್ನು ಬೋರ್ಡಿಗೆ ಒಗ್ಗುವಂತೆ ಬದಲಿಸುವ ಮ್ಯಾಕ್ಸ್3232 ಚಿಪ್ ಇರುವ ಮಾಡ್ಯೂಲ್ ಬೇಕು.

ಕಡಿಮೆ ವೋಲ್ಟೇಜನ್ನು ಏರಿಸುವುದು

ಇಳಿಸಿದಷ್ಟು ಸುಲಭಕ್ಕೆ ಏರಿಸಲು ಆಗದು. ರೆಸಿಸ್ಟರ್ ವೋಲ್ಟೇಜು ಹುಟ್ಟಿಸುವುದಿಲ್ಲ.

ಚೌತಿಗೆ ಗಣಪತಿ ಮಂಟಪಕ್ಕೆ ಹಾಕುವ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿ ನೋಡಿರುತ್ತೀರಿ. ಅದರಲ್ಲಿ ಪ್ರತಿ ದೀಪದ ಒಳಗೂ ಒಂದು ಚಿಪ್ ಇರುತ್ತದೆ. ಡಬ್ಲ್ಯೂಎಸ್2812ಬಿ ಎಂಬ ಬಗೆಯದು ಹೈ ಎಂದು ಒಪ್ಪುವುದು ತನ್ನ ಸಪ್ಲೈನ 0.7 ಪಾಲಿಗೆ. 5 ವೋಲ್ಟ್ ಕೊಟ್ಟರೆ ಅದಕ್ಕೆ 3.5 ಬೇಕು. ಇಎಸ್‌ಪಿ32 ಕೊಡುವುದು 3.3. ಕೆಲವು ಪಟ್ಟಿ ಹತ್ತುತ್ತವೆ, ಕೆಲವು ಅಡ್ಡಾದಿಡ್ಡಿ ಮಿನುಗುತ್ತವೆ. ಪಟ್ಟಿಯೇ ಹಾಳು ಎಂದು ಎಸೆಯುವವರೂ ಇದ್ದಾರೆ.

ಇದಕ್ಕೆ ನನಗೆ ಎಲ್ಲಕ್ಕಿಂತ ನೆಚ್ಚಿಕೆಯ ಪರಿಹಾರ 74ಎಚ್‌ಸಿಟಿ125 ಅಥವಾ 74ಎಎಚ್‌ಸಿಟಿ125 ಎಂಬ ಚಿಪ್. ಅದಕ್ಕೆ 5 ವೋಲ್ಟ್ ಸಪ್ಲೈ ಕೊಡಬೇಕು. ಹಾಗಿದ್ದೂ ಅದು 2.0 ವೋಲ್ಟ್ ಬಂದರೆ ಸಾಕು, ಹೈ ಎಂದು ಒಪ್ಪಿ 5 ವೋಲ್ಟಿನಲ್ಲಿ ಹೊರಗೆ ಕಳಿಸುತ್ತದೆ. ಹೆಸರಿನಲ್ಲಿರುವ ‘ಟಿ’ ಅಕ್ಷರ ಗಮನಿಸಿ ಕೊಳ್ಳಿ. ಬರೀ 74ಎಚ್‌ಸಿ125 ತಂದರೆ ಅದೂ 3.5 ಕೇಳುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ. ಇದರಲ್ಲಿ ನಾಲ್ಕು ದಾರಿ ಇವೆ. ಪ್ರತಿ ದಾರಿಗೂ ತೆರೆಯುವ ಒಂದು ಪಿನ್ ಇದೆ. ಆ ಪಿನ್ನನ್ನು ಗ್ರೌಂಡಿಗೆ ಕಟ್ಟದಿದ್ದರೆ ದಾರಿ ತೆರೆಯುವುದಿಲ್ಲ. ಬಳಸದ ಇನ್‌ಪುಟ್‌ಗಳನ್ನೂ ಗ್ರೌಂಡಿಗೆ ಕಟ್ಟಿಬಿಡಿ.

ರಿಲೇ ಬೋರ್ಡಿನ ಕತೆ ಬೇರೆ. ಮಾರುಕಟ್ಟೆಯಲ್ಲಿ ಸಿಗುವ ಬಹಳಷ್ಟು ಬೋರ್ಡುಗಳು ತಲೆಕೆಳಗು. ಇನ್‌ಪುಟ್ ಪಿನ್ ಲೋ ಆದಾಗ ರಿಲೇ ಹತ್ತುತ್ತದೆ, ಹೈ ಆದಾಗ ಬಿಡುತ್ತದೆ. ಒಳಗಿನ ಟ್ರಾನ್ಸಿಸ್ಟರ್ ಒಂದು ತುದಿಯಲ್ಲಿ 5 ವೋಲ್ಟಿಗೆ ಕಟ್ಟಿದ್ದರೆ, ಅದು ಪೂರ್ತಿ ಆರಲು ಇನ್‌ಪುಟ್ ಕೂಡ 5ರ ಹತ್ತಿರ ಏರಬೇಕು. ನಾವು ಕೊಡುವುದು 3.3. ಉಳಿದ 1.7 ವೋಲ್ಟ್ ಟ್ರಾನ್ಸಿಸ್ಟರಿನ ಮೇಲೆ ಬೀಳುತ್ತದೆ. ಅದು ಹತ್ತಲು 0.7 ಸಾಕು. ಹಾಗಾಗಿ ‘ಆಫ್’ ಎಂದರೂ ರಿಲೇ ಹತ್ತಿಯೇ ಇರುತ್ತದೆ, ಪಂಪು ಓಡುತ್ತಲೇ ಇರುತ್ತದೆ.

ಬೋರ್ಡಿನ ಮೇಲೆ ಜೆಡಿ-ವಿಸಿಸಿ ಎಂದು ಬರೆದ ಚಿಕ್ಕ ಜಂಪರ್ (ಎರಡು ಪಿನ್ ಸೇರಿಸುವ ಟೊಪ್ಪಿ) ಇದ್ದರೆ ಕೆಲಸ ಸುಲಭ. ಜಂಪರ್ ತೆಗೆಯಿರಿ. ಜೆಡಿ-ವಿಸಿಸಿಗೆ 5 ವೋಲ್ಟ್, ವಿಸಿಸಿಗೆ 3.3 ವೋಲ್ಟ್ ಕೊಡಿ. ರಿಲೇಯ ಕಾಯಿಲ್‌ಗೆ ಬೇಕಾದ 5 ಸಿಗುತ್ತದೆ, ಸಿಗ್ನಲ್ ಕಡೆ ಎಲ್ಲವೂ 3.3 ಆಗುತ್ತದೆ. ಜಂಪರ್ ಇಲ್ಲದ ಬೋರ್ಡಿಗೆ ಆ ಎಚ್‌ಸಿಟಿ ಚಿಪ್ ಅನ್ನೇ ನಡುವೆ ಹಾಕಬಹುದು. ರಿಲೇಯ ಇನ್ನೊಂದು ಕಡೆ ಇರುವುದು 230 ವೋಲ್ಟ್ ಅಥವಾ ಮೂರು ಫೇಸ್ ಸ್ಟಾರ್ಟರಿನ ತಂತಿ. ಪರೀಕ್ಷೆ ಮಾಡುವಾಗ ಆ ಕಡೆಯ ತಂತಿ ಕಳಚಿಟ್ಟು, ಬರೀ ರಿಲೇಯ ‘ಟಿಕ್’ ಶಬ್ದ ಕೇಳಿ ನೋಡಿ. ಪಂಪು ಜೋಡಿಸುವುದು ಕೊನೆಗೆ.

ಎರಡೂ ಕಡೆಯಿಂದ ಮಾತಾಡುವ ತಂತಿ

ಡಿಸ್‌ಪ್ಲೇ, ಗಡಿಯಾರದ ಮಾಡ್ಯೂಲ್, ತೇವಾಂಶದ ಕೆಲವು ಸೆನ್ಸರ್‌ಗಳು ಐ2ಸಿ ಎಂಬ ಪದ್ಧತಿಯಲ್ಲಿ ಮಾತಾಡುತ್ತವೆ. 1982ರಲ್ಲಿ ಫಿಲಿಪ್ಸ್ ಕಂಪನಿ ರೂಪಿಸಿದ್ದು ಇದು. ಎರಡೇ ತಂತಿ, ಒಂದರಲ್ಲಿ ಡೇಟಾ, ಇನ್ನೊಂದರಲ್ಲಿ ತಾಳ. ಒಂದೇ ಡೇಟಾ ತಂತಿಯಲ್ಲಿ ಎರಡೂ ಕಡೆಯವರು ಸರದಿಯಂತೆ ಮಾತಾಡುತ್ತಾರೆ. ಹಾಗಾಗಿ ಒಂದೇ ದಿಕ್ಕಿನ ಎಚ್‌ಸಿಟಿ ಚಿಪ್ ಇಲ್ಲಿ ನಡೆಯುವುದಿಲ್ಲ.

ಐ2ಸಿ ತಂತಿ ಕೆಲಸ ಮಾಡುವ ರೀತಿ ಬಾವಿಯ ಏತದ ಹಾಗೆ. ಏತದ ಕೋಲನ್ನು ಮನುಷ್ಯ ಕೆಳಗೆ ಮಾತ್ರ ಎಳೆಯುತ್ತಾನೆ. ಕೈ ಬಿಟ್ಟರೆ ಹಿಂದಿನ ತುದಿಗೆ ಕಟ್ಟಿದ ಕಲ್ಲು ತಾನಾಗಿ ಮೇಲಕ್ಕೆ ಎತ್ತುತ್ತದೆ. ಇಲ್ಲೂ ಯಾವ ಚಿಪ್ಪೂ ತಂತಿಯನ್ನು ಮೇಲೆ ತಳ್ಳುವುದಿಲ್ಲ. ಸೊನ್ನೆ ಹೇಳಬೇಕಾದಾಗ ಕೆಳಗೆ ಎಳೆಯುತ್ತದೆ, ಒಂದು ಹೇಳಬೇಕಾದಾಗ ಸುಮ್ನೆ ಬಿಡುತ್ತದೆ. ಮೇಲಕ್ಕೆ ಎತ್ತುವ ಕಲ್ಲು ಅಂದರೆ ‘ಪುಲ್‌ಅಪ್’ ರೆಸಿಸ್ಟರ್. ಕಲ್ಲು ಹಗುರವಾದರೆ ಕೋಲು ನಿಧಾನಕ್ಕೆ ಏರುತ್ತದೆ. 10 ಕಿಲೋ ಓಮ್ ಅಂಥದ್ದು. ಕಲ್ಲು ತೀರಾ ಭಾರವಾದರೆ ಎಳೆಯುವವನಿಗೆ ಶಕ್ತಿ ಸಾಲದು. 5 ವೋಲ್ಟಿನಲ್ಲಿ 1.5 ಕಿಲೋ ಓಮ್‌ಗಿಂತ ಕಡಿಮೆ ಹಾಕಿದರೆ ಹಾಗಾಗುತ್ತದೆ, ಯಾಕೆಂದರೆ ಸಾಮಾನ್ಯ ಐ2ಸಿ ಚಿಪ್ ಎಳೆಯಬಲ್ಲದ್ದು 3 ಮಿಲಿ ಆಂಪಿಯರ್ ಎಂದು ಲೆಕ್ಕ.

ಈಗ 16 ಅಕ್ಷರ, 2 ಸಾಲಿನ ಎಲ್‌ಸಿಡಿ ನೋಡಿ. ಅದರ ಬೆನ್ನಿಗೆ ಬೆಸೆದ ಐ2ಸಿ ಮಾಡ್ಯೂಲಿನಲ್ಲಿ ಪುಲ್‌ಅಪ್ ರೆಸಿಸ್ಟರ್‌ಗಳು ಸಾಮಾನ್ಯವಾಗಿ ಮೊದಲೇ ಇರುತ್ತವೆ. ಎಲ್‌ಸಿಡಿಗೆ 5 ವೋಲ್ಟ್ ಕೊಟ್ಟ ಕೂಡಲೇ ಆ ರೆಸಿಸ್ಟರ್‌ಗಳು ತಂತಿಯನ್ನು 5 ವೋಲ್ಟಿಗೆ ಎತ್ತುತ್ತವೆ. ಇನ್ನೊಂದು ತುದಿಯಲ್ಲಿರುವ ಇಎಸ್‌ಪಿ32ರ ಪಿನ್ನಿಗೆ ಅದು ಮಿತಿ ಮೀರಿದ್ದು. ರೆಸಿಸ್ಟರ್ ಕರೆಂಟನ್ನು ತಡೆಯುವುದರಿಂದ ಚಿಪ್ ಬೇಗ ಸಾಯುವುದಿಲ್ಲ, ಹಾಗಾಗಿ ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ. 5 ಬೇಡ, 3.3 ಕೊಡೋಣ ಎಂದರೆ ಅಕ್ಷರ ಮಸುಕಾಗಿ ಕಾಣುವುದೇ ಇಲ್ಲ.

ಇದಕ್ಕೆ ಇರುವುದು ಬಿಎಸ್‌ಎಸ್138 ಎಂಬ ಮಾಸ್‌ಫೆಟ್ ಟ್ರಾನ್ಸಿಸ್ಟರ್ ಕೂರಿಸಿದ ಪುಟ್ಟ ಮಾಡ್ಯೂಲ್. ಅಂಗಡಿಯಲ್ಲಿ ಲೆವೆಲ್ ಶಿಫ್ಟರ್, ಅಂದರೆ ಸಿಗ್ನಲಿನ ವೋಲ್ಟೇಜು ಬದಲಿಸುವ ಸಾಧನ, ಎಂದರೆ ಸಾಮಾನ್ಯವಾಗಿ ಕೈಗೆ ಕೊಡುವುದು ಇದನ್ನೇ. ಈ ಉಪಾಯವನ್ನು ಫಿಲಿಪ್ಸ್ 1997ರ ಒಂದು ತಾಂತ್ರಿಕ ಟಿಪ್ಪಣಿಯಲ್ಲಿ ವಿವರಿಸಿತ್ತು. ಪ್ರತಿ ತಂತಿಗೆ ಒಂದು ಮಾಸ್‌ಫೆಟ್, ಎರಡು 10 ಕಿಲೋ ರೆಸಿಸ್ಟರ್. ಅಷ್ಟೇ ಸಾಮಾನು.

ಮಾಸ್‌ಫೆಟ್‌ಗೆ ಮೂರು ಕಾಲು. ‘ಗೇಟ್’ ಯಾವಾಗಲೂ 3.3ಕ್ಕೆ ಕಟ್ಟಿರುತ್ತದೆ. ‘ಸೋರ್ಸ್’ 3.3ರ ಕಡೆಯ ತಂತಿಗೆ, ‘ಡ್ರೈನ್’ 5ರ ಕಡೆಯ ತಂತಿಗೆ. ಯಾರೂ ಎಳೆಯದಿದ್ದಾಗ ಗೇಟ್ ಮತ್ತು ಸೋರ್ಸ್ ಎರಡೂ 3.3ರಲ್ಲಿವೆ, ವ್ಯತ್ಯಾಸ ಸೊನ್ನೆ, ಮಾಸ್‌ಫೆಟ್ ಮುಚ್ಚಿರುತ್ತದೆ. ಎರಡು ಕಡೆಯ ತಂತಿಗಳೂ ತಮ್ಮ ತಮ್ಮ ಎತ್ತರದಲ್ಲಿ ನಿಲ್ಲುತ್ತವೆ. 3.3ರ ಕಡೆಯವನು ತಂತಿಯನ್ನು ಕೆಳಗೆ ಎಳೆದರೆ ಗೇಟಿಗೂ ಸೋರ್ಸಿಗೂ 3.3ರ ವ್ಯತ್ಯಾಸ ಬಂದು ಮಾಸ್‌ಫೆಟ್ ತೆರೆಯುತ್ತದೆ, 5ರ ಕಡೆಯೂ ಕೆಳಗೆ ಬರುತ್ತದೆ. 5ರ ಕಡೆಯವನು ಎಳೆದರೆ? ಮಾಸ್‌ಫೆಟ್‌ನ ಒಡಲಲ್ಲೇ ಒಂದು ಡಯೋಡ್ ಇದೆ. ಮೊದಲು ಅದರ ಮೂಲಕ 3.3ರ ತಂತಿ 0.7 ವೋಲ್ಟಿನ ಕಡೆಗೆ ಇಳಿಯತೊಡಗುತ್ತದೆ. ಇಳಿಯುತ್ತಿದ್ದಂತೆ ಗೇಟಿನ ವ್ಯತ್ಯಾಸ ಬೆಳೆದು ಮಾಸ್‌ಫೆಟ್ ಪೂರ್ತಿ ತೆರೆಯುತ್ತದೆ, ತಂತಿ ಸೊನ್ನೆಯ ಹತ್ತಿರ ಬರುತ್ತದೆ.

ಈ ಕೊನೆಯ ವಿವರ ಹುಡುಕಾಟದಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಲೋ ಇರಬೇಕಾದಾಗ 3.3ರ ಕಡೆ ಮೀಟರ್ 0.6, 0.7 ತೋರಿಸಿ ಅಲ್ಲೇ ನಿಂತರೆ ಕೆಲಸ ಮಾಡುತ್ತಿರುವುದು ಡಯೋಡ್ ಮಾತ್ರ, ಮಾಸ್‌ಫೆಟ್ ತೆರೆದಿಲ್ಲ. ಮಾಡ್ಯೂಲಿನ ‘ಎಲ್‌ವಿ’ ಪಿನ್ನಿಗೆ 3.3 ಬರುತ್ತಿದೆಯೇ ನೋಡಿ. ಅಲ್ಲಿ ತಂತಿ ಬಿಟ್ಟಿರುವ ಸಾಧ್ಯತೆ ಜಾಸ್ತಿ.

ಮಿತಿಯೂ ಇದೆ. ಏರಿಕೆ ಪೂರ್ತಿ 10 ಕಿಲೋ ರೆಸಿಸ್ಟರಿನ ಮೇಲೆ ನಿಂತಿದೆ. ತಂತಿಯ ಕೆಪಾಸಿಟರ್ ಗುಣ 100 ಪಿಕೊಫ್ಯಾರಡ್ ಇದ್ದರೆ ಐ2ಸಿ ಲೆಕ್ಕದ ಏರಿಕೆಗೆ ಸುಮಾರು 0.85 ಮೈಕ್ರೋಸೆಕೆಂಡ್ ಬೇಕು. 100 ಕಿಲೋಹರ್ಟ್ಸ್ ವೇಗದಲ್ಲಿ 1 ಮೈಕ್ರೋಸೆಕೆಂಡ್ ತನಕ ಅವಕಾಶ ಇದೆ, ನಡೆಯುತ್ತದೆ. 400 ಕಿಲೋಹರ್ಟ್ಸಿನಲ್ಲಿ ಅವಕಾಶ ಬರೀ 0.3. ನಡೆಯುವುದಿಲ್ಲ. ಎಲ್‌ಇಡಿ ಪಟ್ಟಿಯಂಥ ವೇಗದ ಸಿಗ್ನಲ್‌ಗೆ ಈ ಮಾಡ್ಯೂಲ್ ಹಾಕಿ ಸೋಲುವುದೂ ಇದೇ ಕಾರಣಕ್ಕೆ.

ತಾನೇ ದಿಕ್ಕು ತಿಳಿಯುವ ಚಿಪ್‌ಗಳು

ಟಿಎಕ್ಸ್‌ಎಸ್0108ಇ, ಟಿಎಕ್ಸ್‌ಬಿ0108 ಎಂಬ ಎಂಟು ದಾರಿಯ ಚಿಪ್‌ಗಳು ಸಿಗುತ್ತವೆ. ಸಿಗ್ನಲ್ ಯಾವ ಕಡೆಯಿಂದ ಬರುತ್ತಿದೆ ಎಂದು ತಾವೇ ತಿಳಿದುಕೊಳ್ಳುತ್ತವೆ. ಹೆಸರು ಒಂದೇ ಥರ ಇದ್ದರೂ ಗುಣ ಬೇರೆ. ಐ2ಸಿಗೆ ಟಿಎಕ್ಸ್‌ಬಿ ಬೇಡ. ಅದರ ಹೊರಹರಿವು ಬಲಹೀನ. ಹೊರಗಿನ ಪುಲ್‌ಅಪ್ ರೆಸಿಸ್ಟರ್ 50 ಕಿಲೋ ಓಮ್‌ಗಿಂತ ಕಡಿಮೆ ಇದ್ದರೆ ಅದಕ್ಕೆ ಗೊಂದಲವಾಗುತ್ತದೆ. ಟಿಎಕ್ಸ್‌ಎಸ್ ಐ2ಸಿಗೆ ಒಗ್ಗುತ್ತದೆ, ಆದರೆ ಉದ್ದ ತಂತಿ ಕಟ್ಟಿದರೆ ಸುಳ್ಳು ಮಿಡಿತ ಹುಟ್ಟಬಹುದು. ಎರಡರಲ್ಲೂ ‘ಓಇ’ ಎಂಬ ಪಿನ್ನನ್ನು ಕಡಿಮೆ ವೋಲ್ಟೇಜಿನ ಕಡೆಯ ಸಪ್ಲೈಗೆ ಕಟ್ಟದಿದ್ದರೆ ಚಿಪ್ ಮಲಗಿಯೇ ಇರುತ್ತದೆ. ತೋಟದ ಕೆಲಸಕ್ಕೆ ದಿಕ್ಕು ಗೊತ್ತಿರುವಲ್ಲಿ ಒಂದೇ ದಿಕ್ಕಿನ ಚಿಪ್ ಹಾಕುವುದೇ ಒಳ್ಳೆಯದು.

ಕೆಟ್ಟಾಗ ಎಲ್ಲಿಂದ ಹುಡುಕಬೇಕು?

ಗ್ರೌಂಡಿನಿಂದ. ಸಪ್ಲೈ ಆರಿಸಿ, ಎರಡು ಬೋರ್ಡುಗಳ ಗ್ರೌಂಡ್ ನಡುವೆ ಮೀಟರಿನ ‘ಬೀಪ್’ ಕೇಳಿ. ಆಮೇಲೆ ಸಪ್ಲೈ ಕೊಟ್ಟು ಅದೇ ಎರಡು ಜಾಗದ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಕೆಲವೇ ಮಿಲಿವೋಲ್ಟ್ ಇರಬೇಕು. ವೋಲ್ಟೇಜು ಎಂಬುದೇ ಎರಡು ಬಿಂದುಗಳ ನಡುವಿನ ವ್ಯತ್ಯಾಸ. ಗ್ರೌಂಡ್ ಒಂದೇ ಇಲ್ಲದಿದ್ದರೆ ಒಂದು ಬೋರ್ಡಿನ 3.3 ಇನ್ನೊಂದಕ್ಕೆ ಏನೂ ಅಲ್ಲ.

ನಂತರ ಸಪ್ಲೈ. ಶಿಫ್ಟರ್ ಮಾಡ್ಯೂಲಿನ ‘ಎಚ್‌ವಿ’ ಪಿನ್ನಿನಲ್ಲಿ 5, ‘ಎಲ್‌ವಿ’ ಪಿನ್ನಿನಲ್ಲಿ 3.3 ಇದೆಯೇ? ಬೋರ್ಡಿನ ಮೇಲೆ ಅಚ್ಚಾದ ಹೆಸರನ್ನು ನಂಬಿ ಬಿಡಬೇಡಿ, ಪಿನ್ನಿಗೇ ಮೀಟರ್ ಇಟ್ಟು ನೋಡಿ.

ಮೂರನೆಯದು ಸಿಗ್ನಲ್. ಇಲ್ಲಿ ಮೀಟರ್ ಒಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಓಡುತ್ತಿರುವ ಸಿಗ್ನಲ್ ಮೇಲೆ ಇಟ್ಟರೆ ಅದು ಸರಾಸರಿ ತೋರಿಸುತ್ತದೆ. ಅರ್ಧ ಹೊತ್ತು 3.3, ಅರ್ಧ ಹೊತ್ತು 0 ಇದ್ದರೆ 1.65 ಕಾಣುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಅದಕ್ಕೇ ಪಿನ್ನನ್ನು ಹತ್ತು ಸೆಕೆಂಡ್ ಹೈ, ಹತ್ತು ಸೆಕೆಂಡ್ ಲೋ ಮಾಡುವ ನಾಲ್ಕು ಸಾಲಿನ ಪ್ರೋಗ್ರಾಮ್ ಹಾಕಿ. ಶಿಫ್ಟರಿನ ಎರಡೂ ಕಡೆ ಅಳೆಯಿರಿ. ಹೈ ಇದ್ದಾಗ ಒಂದು ಕಡೆ 3.3, ಇನ್ನೊಂದು ಕಡೆ 5. ಲೋ ಇದ್ದಾಗ ಎರಡೂ ಕಡೆ 0.4ಕ್ಕಿಂತ ಕಡಿಮೆ. ಐ2ಸಿ ಮತ್ತು ಸೀರಿಯಲ್ ತಂತಿಗಳು ಸುಮ್ಮನಿರುವಾಗ ಹೈ ಇರಬೇಕು. ಅಲ್ಲಿ ಸೊನ್ನೆ ಕಂಡರೆ ಪುಲ್‌ಅಪ್ ಇಲ್ಲ ಅಥವಾ ಯಾವುದೋ ಚಿಪ್ ತಂತಿಯನ್ನು ಹಿಡಿದುಕೊಂಡಿದೆ. ಮಾಡ್ಯೂಲ್‌ಗಳನ್ನು ಒಂದೊಂದಾಗಿ ಕಳಚುತ್ತಾ ಬನ್ನಿ. ಯಾವುದನ್ನು ತೆಗೆದಾಗ ತಂತಿ ಮೇಲೆ ಬರುತ್ತದೋ ತಪ್ಪು ಅಲ್ಲಿದೆ.

ನಿಂತ ಅಳತೆ ಎಲ್ಲ ಸರಿ ಇದ್ದೂ ಡೇಟಾ ತಪ್ಪಾದರೆ ವೇಗ ಇಳಿಸಿ ನೋಡಿ. ಸೀರಿಯಲ್‌ನಲ್ಲಿ 115200 ಬದಲು 9600. ಆಗ ಒಂದೊಂದು ಬಿಟ್‌ಗೂ 8.7 ಮೈಕ್ರೋಸೆಕೆಂಡ್ ಬದಲು 104 ಸಿಗುತ್ತದೆ. ನಿಧಾನದಲ್ಲಿ ಸರಿ, ವೇಗದಲ್ಲಿ ತಪ್ಪು ಎಂದಾದರೆ ಸಿಗ್ನಲ್ ಏರಲು ಹೊತ್ತು ಸಾಲುತ್ತಿಲ್ಲ. ತಂತಿ ಗಿಡ್ಡ ಮಾಡಿ, ಪುಲ್‌ಅಪ್ 10 ಕಿಲೋದಿಂದ 4.7 ಕಿಲೋಗೆ ಇಳಿಸಿ. ಸಿಗ್ನಲನ್ನು ಒಂದು, ಸೊನ್ನೆಗಳಾಗಿ ಕಂಪ್ಯೂಟರಿನಲ್ಲಿ ತೋರಿಸುವ ಕಡಿಮೆ ಬೆಲೆಯ ಲಾಜಿಕ್ ಅನಲೈಸರ್ ಇದ್ದವರು ಒಂದು ಮಾತು ನೆನಪಿಡಿ. ಅದು ತನ್ನದೇ ಗೆರೆ ಇಟ್ಟುಕೊಂಡು ಒಂದು, ಸೊನ್ನೆ ತೋರಿಸುತ್ತದೆ. ಅದರಲ್ಲಿ ಚಂದ ಕಂಡ ಮಾತ್ರಕ್ಕೆ ನಿಮ್ಮ ಚಿಪ್‌ಗೂ ಹಾಗೇ ಕಂಡಿದೆ ಎಂದಲ್ಲ. ವೋಲ್ಟೇಜಿನ ಆಕಾರ ನೋಡಲು ಆಸಿಲೋಸ್ಕೋಪೇ ಬೇಕು, ಕಾಲೇಜು ಲ್ಯಾಬಿನಲ್ಲಿ ಇರುತ್ತದೆ.

ಕರೆಂಟ್ ಹೋದಾಗ ಆಗುವ ವಿಚಿತ್ರ

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಮಲೆನಾಡಿನಲ್ಲಿ ಮಾಮೂಲು. ಒಂದು ಬೋರ್ಡು ಬ್ಯಾಟರಿಯಲ್ಲಿದ್ದು ಇನ್ನೊಂದು ಮೇನ್ಸ್ ಅಡಾಪ್ಟರಿನಲ್ಲಿದ್ದರೆ, ಆರಿದ ಬೋರ್ಡಿನ ಎಲ್‌ಇಡಿ ಮಂದವಾಗಿ ಉರಿಯುವುದನ್ನು ನೋಡಬಹುದು. ಕರೆಂಟ್ ಬರುತ್ತಿರುವುದು ಸಿಗ್ನಲ್ ತಂತಿಯಿಂದ! ಹೈ ಇರುವ ಪಿನ್ನಿನಿಂದ ಹೊರಟು, ಆರಿದ ಚಿಪ್‌ನ ಪಿನ್ನಿನ ಒಳಗಿನ ರಕ್ಷಣೆಯ ದಾರಿ ಹಿಡಿದು, ಅದರ ಸಪ್ಲೈ ತಂತಿಗೇ ಸೇರುತ್ತದೆ. ಚಿಪ್ ಪೂರ್ತಿ ಆರುವುದೂ ಇಲ್ಲ, ಪೂರ್ತಿ ಏಳುವುದೂ ಇಲ್ಲ. ಕರೆಂಟ್ ಮರಳಿದಾಗ ಸರಿಯಾಗಿ ರೀಸೆಟ್ ಆಗದೆ ನಿಂತುಬಿಡುತ್ತದೆ. ಎರಡೂ ಬೋರ್ಡಿಗೆ ಒಂದೇ ಮೂಲದಿಂದ ಸಪ್ಲೈ ಕೊಡುವುದು ನೇರ ಪರಿಹಾರ. ಆಗದಿದ್ದರೆ ಪ್ರತಿ ಸಿಗ್ನಲ್ ತಂತಿಗೂ 1 ಕಿಲೋ ಓಮ್ ಸರಣಿಯಲ್ಲಿ ಹಾಕಿ, ನುಸುಳುವ ಕರೆಂಟ್ ಕಡಿಮೆಯಾಗುತ್ತದೆ.

ಉಪ್ಪು ಗಾಳಿ, ಉದ್ದ ತಂತಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಸಮುದ್ರದ ಪಕ್ಕದಲ್ಲಿ ಬೆಸೆಯದೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಿ ಬಿಟ್ಟರೆ ಉಪ್ಪಿನ ತೇವಕ್ಕೆ ಅದರ ಕ್ಲಿಪ್‌ಗಳು ಮಂಕಾಗುತ್ತವೆ. ಜೋಡಣೆಯ ತಡೆ ಹೆಚ್ಚುತ್ತದೆ. ಮೇಲೆ ಹೇಳಿದ 0.3 ವೋಲ್ಟಿನ ಅಂತರವನ್ನು ತಿನ್ನಲು ಅಷ್ಟು ಸಾಕು. ಪರೀಕ್ಷೆ ಮುಗಿದ ಮೇಲೆ ಪಿಸಿಬಿಗೆ (ತಾಮ್ರದ ಗೆರೆ ಅಚ್ಚಾದ ಹಲಗೆಗೆ) ಬೆಸೆಯಿರಿ. ಬೆಸುಗೆಗೆ ಬಳಸಿ ಉಳಿದ ಫ್ಲಕ್ಸ್ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು, ಒಣಗಿದ ಮೇಲೆ ರಕ್ಷಣೆಯ ಲೇಪ ಬಳಿಯಿರಿ. ಕೊಳೆಯ ಮೇಲೆ ತೇವ ಕೂತರೆ ಪಿನ್‌ಗಳ ನಡುವೆ ಕರೆಂಟ್ ಸೋರುತ್ತದೆ.

ಇನ್ನು ದೂರ. ಮನೆ ಮೇಲೆ, ತೋಟ ಕೆಳಗೆ ಇರುವಲ್ಲಿ ಟ್ಯಾಂಕಿನಿಂದ ಪಂಪ್‌ಹೌಸಿಗೆ ಐವತ್ತು, ನೂರು ಮೀಟರ್ ತಂತಿ ಎಳೆಯಬೇಕಾಗುತ್ತದೆ. ಲೆವೆಲ್ ಶಿಫ್ಟರ್ ಇರುವುದು ಒಂದೇ ಪೆಟ್ಟಿಗೆಯೊಳಗಿನ ಬೋರ್ಡುಗಳಿಗೆ. ದೂರಕ್ಕೆ ಆರ್‌ಎಸ್485 ಬಳಸಬೇಕು. ಅದು ಜೋಡಿ ತಂತಿಗಳ ನಡುವಿನ ವ್ಯತ್ಯಾಸವನ್ನು ಓದುತ್ತದೆ. 0.2 ವೋಲ್ಟ್ ವ್ಯತ್ಯಾಸ ಸಿಕ್ಕರೂ ಸಾಕು, ಕಡಿಮೆ ವೇಗದಲ್ಲಿ 1200 ಮೀಟರ್ ತನಕ ಹೋಗುತ್ತದೆ. ಅದರ ಮಾಡ್ಯೂಲ್ ಕೊಳ್ಳುವಾಗ ಚಿಪ್‌ನ ಹೆಸರು ಓದಿ. ಮ್ಯಾಕ್ಸ್3485 ಆದರೆ 3.3 ವೋಲ್ಟಿನದು, ಇಎಸ್‌ಪಿ32ಕ್ಕೆ ನೇರ ಜೋಡಿಸಬಹುದು. ಮ್ಯಾಕ್ಸ್485 ಆದರೆ 5 ವೋಲ್ಟಿನದು. ಅದರ ಇನ್‌ಪುಟ್‌ಗಳಿಗೆ 2.0 ವೋಲ್ಟ್ ಸಾಕಾಗುವುದರಿಂದ ಕಳಿಸುವ ತಂತಿಗಳಿಗೆ ಏನೂ ಬೇಡ. ‘ಆರ್‌ಓ’ ಎಂಬ ಪಿನ್ ಮಾತ್ರ 5 ವೋಲ್ಟ್ ಹೊರಗೆ ಕೊಡುತ್ತದೆ, ಅಲ್ಲಿಂದ ಇಎಸ್‌ಪಿ32ಕ್ಕೆ ಬರುವ ತಂತಿಗೆ 1 ಕಿಲೋ ಮತ್ತು 2 ಕಿಲೋ ಓಮ್ ರೆಸಿಸ್ಟರ್ ಹಾಕಿ.